ರೂರ್: ಕಲ್ಲಿದ್ದಲು ಸಾಗಿದ ದಾರಿಯಲ್ಲಿ ಎರಡು ದಿನ

ಜರ್ಮನಿಯ ಪಶ್ಚಿಮ ಭಾಗದಲ್ಲಿರುವ ರೂರ್ ಸೀಮೆಯ ಕೊನೆಯ ಕಲ್ಲಿದ್ದಲು ಗಣಿ 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ಕೆಲಸ ನಿಂತ ಹಲವು ಗಣಿ, ಕುಲುಮೆಗಳು ಗುಜರಿಗೆ ಹೋಗದೆ ಮ್ಯೂಸಿಯಂ, ಉದ್ಯಾನಗಳಾಗಿವೆ. ಅವು ಬೇರೆಬೇರೆ ಊರುಗಳಲ್ಲಿ ಚದುರಿವೆ. ಸಿಕ್ಕಿದ್ದನ್ನು ಸಿಕ್ಕಂತೆ ನೋಡಿದರೆ ಬರೀ ತುಕ್ಕು ಕಬ್ಬಿಣ ಕಂಡೀತು. ಗಣಿಯಿಂದ ಕುಲುಮೆಯ ಕಡೆಗೆ, ಕಲ್ಲಿದ್ದಲು ಸಾಗಿದ ಕ್ರಮದಲ್ಲೇ ನೋಡಿ.

1. ಮೊದಲ ತಯಾರಿ
ಎಸೆನ್ ಮುಖ್ಯ ರೈಲು ನಿಲ್ದಾಣದ ಹತ್ತಿರ ರೂಮು ಹಿಡಿಯಿರಿ. 24 ಗಂಟೆಗಳ ಟಿಕೆಟ್ ಲೋಕಲ್ ರೈಲು, ಟ್ರಾಮ್, ಬಸ್ಸು ಮೂರಕ್ಕೂ ಆಗುತ್ತದೆ. ಹೋಗುವ ಊರುಗಳೆಲ್ಲ ಅದರ ವ್ಯಾಪ್ತಿಯಲ್ಲಿವೆಯೇ ನೋಡಿಕೊಳ್ಳಿ. ಐಸಿಇ ಎಕ್ಸ್‌ಪ್ರೆಸ್ ರೈಲಿಗೆ ಅದು ನಡೆಯುವುದಿಲ್ಲ. ಸೋಮವಾರ ಬೇಡ, ಕೆಲವು ಮ್ಯೂಸಿಯಂಗಳಿಗೆ ಅಂದು ರಜೆ.

2. ಮೊದಲ ದಿನ ಬೆಳಿಗ್ಗೆ: ಬೋಖುಮ್
1930ರಲ್ಲಿ ಶುರುವಾದ ಜರ್ಮನ್ ಗಣಿಗಾರಿಕೆ ಮ್ಯೂಸಿಯಂ ಇಲ್ಲಿದೆ. ಬೋಖುಮ್ ಮುಖ್ಯ ನಿಲ್ದಾಣದಿಂದ ಯು35 ಸುರಂಗ ರೈಲು ಹತ್ತಿ. ಕಟ್ಟಡದಡಿ, ಸುಮಾರು 20 ಮೀಟರ್ ಆಳದಲ್ಲಿ ಪ್ರಾತ್ಯಕ್ಷಿಕೆಗೆಂದೇ ತೋಡಿದ ಸುರಂಗಗಳಿವೆ. ಅಲ್ಲಿ ಕಲ್ಲಿದ್ದಲು ತೆಗೆದೇ ಇಲ್ಲ, ಯಂತ್ರಗಳು ಮಾತ್ರ ಅಸಲಿ.

3. ಮಧ್ಯಾಹ್ನ: ತ್ಸೋಲ್‌ಫರೈನ್
ಎಸೆನ್‌ಗೆ ಮರಳಿ 107ನೇ ಟ್ರಾಮ್ ಹಿಡಿಯಿರಿ. 1986ರಲ್ಲಿ ಮುಚ್ಚಿದ ಈ ಗಣಿಗೆ 2001ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿತು. ಆವರಣ ಸುತ್ತಾಡಲು ದುಡ್ಡು ಕೊಡಬೇಕಿಲ್ಲ. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡದಲ್ಲೇ ರೂರ್ ಮ್ಯೂಸಿಯಂ ಇದೆ. ಕಿತ್ತಳೆ ಬೆಳಕಿನ ಎಸ್ಕಲೇಟರ್ ನಿಮ್ಮನ್ನು 24 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿಂದ ಒಂದೊಂದೇ ಮಹಡಿ ಇಳಿಯುತ್ತ ನೋಡಬೇಕು. ಕಲ್ಲಿದ್ದಲೂ ಹೀಗೆಯೇ ಮೇಲೆ ಬಂದು ಕೆಳಕ್ಕೆ ಇಳಿಯುತ್ತಿತ್ತು.

4. ಎರಡನೇ ದಿನ ಬೆಳಿಗ್ಗೆ: ಓಬರ್‌ಹೌಸನ್
ಕುಲುಮೆಯ ಅನಿಲ ತುಂಬಿಡಲು 1929ರಲ್ಲಿ ಕಟ್ಟಿದ 117 ಮೀಟರ್ ಎತ್ತರದ ಗ್ಯಾಸೊಮೀಟರ್ ಈಗ ಪ್ರದರ್ಶನ ಸಭಾಂಗಣ. ಒಂದು ಪ್ರದರ್ಶನ ಮುಗಿದು ಇನ್ನೊಂದು ಶುರುವಾಗುವವರೆಗೆ ಬಾಗಿಲು ಹಾಕಿರುತ್ತದೆ, ಮೊದಲೇ ವಿಚಾರಿಸಿ.

5. ಸಂಜೆ: ಡ್ಯೂಸ್‌ಬರ್ಗ್
ಡ್ಯೂಸ್‌ಬರ್ಗ್ ಮುಖ್ಯ ನಿಲ್ದಾಣದಿಂದ 903ನೇ ಟ್ರಾಮ್ ಹಿಡಿಯಿರಿ. 1985ರಲ್ಲಿ ಕೆಲಸ ನಿಲ್ಲಿಸಿದ ಕಬ್ಬಿಣದ ಕಾರ್ಖಾನೆಯನ್ನು ಭೂದೃಶ್ಯ ವಾಸ್ತುಶಿಲ್ಪಿ ಪೀಟರ್ ಲಾಟ್ಸ್ ಉದ್ಯಾನವಾಗಿಸಿದರು. ಪ್ರವೇಶ ಉಚಿತ. 5ನೇ ಊದುಕುಲುಮೆಯ ತುದಿವರೆಗೆ ಮೆಟ್ಟಿಲು ಹತ್ತಬಹುದು. ಮೆಟ್ಟಿಲು ಕಬ್ಬಿಣದ ಜಾಲರಿಯವು, ಕೆಳಗಿನದೆಲ್ಲ ಕಾಣುತ್ತದೆ. ಎತ್ತರದ ಹಿಮ್ಮಡಿಯ ಬೂಟು ಬೇಡ. ಪಕ್ಕದ ಹಳೆಯ ಅನಿಲ ತೊಟ್ಟಿಯಲ್ಲಿ ನೀರು ತುಂಬಿ ಡೈವಿಂಗ್ ಕಲಿಸುತ್ತಾರೆ. ವಾರಾಂತ್ಯವಾದರೆ ಕತ್ತಲಾಗುವವರೆಗೆ ಇರಿ, ಕುಲುಮೆಗಳಿಗೆ ಬಣ್ಣದ ದೀಪ ಹಾಕುತ್ತಾರೆ.

ಒಂದೇ ದಿನ ಬಿಡುವಿದ್ದರೆ ಬೆಳಿಗ್ಗೆ ತ್ಸೋಲ್‌ಫರೈನ್, ಸಂಜೆ ಡ್ಯೂಸ್‌ಬರ್ಗ್ ಸಾಕು. ಆತುರಪಟ್ಟು ನಾಲ್ಕನ್ನೂ ಮುಗಿಸುವುದಕ್ಕಿಂತ ಅದೇ ಲೇಸು.