ಬೆನ್ನ ಮೇಲಿನ ಎರಡು ಗುರುತು

*ಇಂದಿನ ಧಮ್ಮ ಚಿಂತನೆ*
ಅಧ್ಯಯನ ಬಳಗ, ತುರ್ವಿಹಾಳ



ಈ ವಾರ ನಾವು ಓದುತ್ತಿರುವುದು ಕಾಯಾನುಪಸ್ಸನಾ, ಅಂದರೆ ದೇಹವನ್ನು ದೇಹವೆಂದೇ ನೋಡುವ ಅಭ್ಯಾಸ. ಅದಕ್ಕೆ ಹೊಂದುವ ಒಂದು ಕಪ್ಪು ಬಿಳುಪು ಫೋಟೋದ ಬಗ್ಗೆ ಇಂದು ಬರೆಯುತ್ತೇನೆ. ಗುಂಪಿನಲ್ಲಿ ಎಲ್ಲ ವಯಸ್ಸಿನವರೂ ಇರುವುದರಿಂದ ಫೋಟೋ ಹಾಕಿಲ್ಲ. ವಿವರ ಸಾಕು.

ಅದನ್ನು 1924ರಲ್ಲಿ ಪ್ಯಾರಿಸ್‌ನಲ್ಲಿ ತೆಗೆದವನು ಮ್ಯಾನ್ ರೇ ಎಂಬ ಅಮೆರಿಕದ ಕಲಾವಿದ. ಕನಸು ಮತ್ತು ಎಚ್ಚರ ಎರಡನ್ನೂ ಬೆರೆಸುವ ಸರ್ರಿಯಲಿಸಂ ಪಂಥ ಆಗತಾನೇ ಹುಟ್ಟುತ್ತಿತ್ತು. ಫೋಟೋದಲ್ಲಿ ಒಬ್ಬ ಹೆಣ್ಣುಮಗಳು ನಮಗೆ ಬೆನ್ನು ಮಾಡಿ ಕೂತಿದ್ದಾಳೆ. ತಲೆಗೆ ರುಮಾಲು, ಸೊಂಟದ ಕೆಳಗೆ ಬಟ್ಟೆ, ನಡುವೆ ಬರಿ ಬೆನ್ನು. ತೋಳುಗಳನ್ನು ಮುಂದಕ್ಕೆ ತಂದುಕೊಂಡಿರುವುದರಿಂದ ಅವು ಕಾಣುವುದಿಲ್ಲ. ಬೆನ್ನ ಮೇಲೆ ಎರಡು ಕಪ್ಪು ಗುರುತುಗಳಿವೆ. ಪಿಟೀಲಿನ ಮೈಮೇಲೆ ಇರುತ್ತವಲ್ಲ, ‘ಎಫ್’ ಅಕ್ಷರದಂಥ ತೂತುಗಳು, ಅವೇ. ಅವನ್ನು ಚಿತ್ರಕ್ಕೆ ಆಮೇಲೆ ಸೇರಿಸಿದ್ದು.

ಫೋಟೋದ ಹೆಸರು ‘ಆಂಗ್ರನ ಪಿಟೀಲು’. ಆಂಗ್ರ ಎಂಬ ಹಳೆಯ ಚಿತ್ರಕಾರ ಬಿಡುವಿನಲ್ಲಿ ಪಿಟೀಲು ನುಡಿಸುತ್ತಿದ್ದನಂತೆ. ಹಾಗಾಗಿ ಫ್ರೆಂಚರ ಮಾತಿನಲ್ಲಿ ಈ ಹೆಸರಿಗೆ ‘ಹವ್ಯಾಸ’ ಎಂದೇ ಅರ್ಥ. 2022ರ ಮೇ ತಿಂಗಳಲ್ಲಿ ಇದರ ಒಂದು ಪ್ರತಿ ನ್ಯೂಯಾರ್ಕ್‌ನ ಹರಾಜಿನಲ್ಲಿ 1 ಕೋಟಿ 24 ಲಕ್ಷ ಡಾಲರಿಗೆ ಹೋಯಿತು.

ಆ ಹೆಣ್ಣುಮಗಳ ಹೆಸರು ಆಲಿಸ್ ಪ್ರಿನ್. ಎಲ್ಲರೂ ಕಿಕಿ ಎನ್ನುತ್ತಿದ್ದರು. ಬಡತನದಲ್ಲಿ ಬೆಳೆದವಳು. ಹಾಡುತ್ತಿದ್ದಳು, ಚಿತ್ರ ಬರೆಯುತ್ತಿದ್ದಳು, 1929ರಲ್ಲಿ ತನ್ನ ಬದುಕಿನ ಕಥೆಯನ್ನು ತಾನೇ ಬರೆದು ಪ್ರಕಟಿಸಿದಳು. ಫೋಟೋ ನೋಡಿದವರಿಗೆ ಇದ್ಯಾವುದೂ ತಿಳಿಯದು. ಎರಡು ಗುರುತು ಬಿದ್ದೊಡನೆ ಮನುಷ್ಯಳು ಮರೆಯಾಗಿ ವಾದ್ಯ ಕಾಣುತ್ತದೆ.

ನಾನು ಈ ಚಿತ್ರದಿಂದ ಕಲಿತದ್ದು ಇಷ್ಟು: ಗುರುತು ದೇಹದಲ್ಲಿ ಇಲ್ಲ. ಹೊರಗಿನಿಂದ ಯಾರೋ ಹಾಕಿದ್ದು. ಕಣ್ಣು ಮಾತ್ರ ಅದನ್ನು ಹುಟ್ಟಿನಿಂದ ಬಂದದ್ದೆಂದು ನಂಬಿಬಿಡುತ್ತದೆ.

ಸುತ್ತನಿಪಾತದ ವಾಸೆಟ್ಠ ಸುತ್ತದಲ್ಲಿ ಭಗವಾನ್ ಬುದ್ಧರು ಹೇಳುವುದೂ ಇದನ್ನೇ. ಮೇಲ್ಮೆ ಹುಟ್ಟಿನಿಂದಲೋ ನಡತೆಯಿಂದಲೋ ಎಂದು ಇಬ್ಬರು ಬ್ರಾಹ್ಮಣ ಯುವಕರು ವಾದ ಮಾಡುತ್ತ ಅವರ ಬಳಿ ಬರುತ್ತಾರೆ. ಹುಲ್ಲು, ಮರ, ಹುಳ, ಹಾವು, ಮೀನು, ಹಕ್ಕಿ, ಇವುಗಳಿಗೆ ಬೇರೆಬೇರೆ ಜಾತಿಯೆಂದು ತೋರಿಸುವ ಮೈಗುರುತು ಉಂಟು ಎಂದು ಬುದ್ಧರು ಒಪ್ಪುತ್ತಾರೆ. ಆಮೇಲೆ ಮನುಷ್ಯರ ಕೂದಲು, ತಲೆ, ಕಿವಿ, ಕಣ್ಣು, ಕುತ್ತಿಗೆ, ಹೆಗಲು, ಹೊಟ್ಟೆ, ಬೆನ್ನು, ಕೈ, ಕಾಲು, ಉಗುರು ಎಂದು ಒಂದೊಂದನ್ನೇ ಎಣಿಸಿ, ಇವುಗಳಲ್ಲಿ ಎಲ್ಲಿಯೂ ಅಂಥ ಗುರುತಿಲ್ಲ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಬೆನ್ನೂ ಇದೆ, ಗಮನಿಸಿ.

ದೇಹದಲ್ಲಿ ಇಲ್ಲದ ಕಾರಣಕ್ಕೇ ಗುರುತನ್ನು ಕಟ್ಟಬೇಕಾಯಿತು. ಪೇಶ್ವೆಗಳ ಪುಣೆಯಲ್ಲಿ ನಮ್ಮ ಹಿರಿಯರ ಸೊಂಟಕ್ಕೆ ಪೊರಕೆ, ಕೊರಳಿಗೆ ಮಡಕೆ ಕಟ್ಟಿಸಿದ್ದನ್ನು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಬರೆದಿದ್ದಾರೆ. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿದರು. ಮುತ್ತು ಬಿದ್ದ ದಿನದಿಂದ ಅವಳು ಮಗಳಲ್ಲ, ಊರಿನ ವಸ್ತು. ಅದೇ 1936ರ ಜೂನ್‌ನಲ್ಲಿ ಬಾಬಾಸಾಹೇಬರು ಮುಂಬೈಯಲ್ಲಿ ದೇವದಾಸಿ, ಜೋಗತಿಯರ ಸಭೆಯಲ್ಲಿ, ಆ ಬದುಕನ್ನು ಬಿಟ್ಟು ಬನ್ನಿ ಎಂದು ಕರೆದರು. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಆದದ್ದು 1982ರಲ್ಲಿ.

ಕಣ್ಣಿಗೆ ಕಾಣದ ಗುರುತುಗಳೂ ಇವೆ. ಭತ್ತ ನಾಟಿ ಸಮಯದಲ್ಲಿ ‘ಹತ್ತು ಹೆಣ್ಣಾಳು ಕಳಿಸ್ರಿ’ ಎನ್ನುತ್ತಾರೆ. ಕಾಲುವೆ ನೀರಿನ ಗದ್ದೆಯಲ್ಲಿ ಬಗ್ಗಿದ ಹತ್ತು ಬೆನ್ನು ಮಾತ್ರ ಲೆಕ್ಕಕ್ಕೆ ಸಿಗುತ್ತದೆ, ಹತ್ತು ಹೆಸರು ಸಿಗುವುದಿಲ್ಲ.

ಸಂಯುತ್ತ ನಿಕಾಯದಲ್ಲಿ ವೀಣೆಯ ಉಪಮೆಯೊಂದು ಬರುತ್ತದೆ. ವೀಣೆಯ ನಾದಕ್ಕೆ ಮರುಳಾದ ರಾಜ ‘ಆ ನಾದವನ್ನೇ ನನಗೆ ತನ್ನಿ’ ಎನ್ನುತ್ತಾನೆ. ವೀಣೆ ತಂದುಕೊಟ್ಟರೆ ಅದನ್ನು ಸೀಳಿ, ಚೂರು ಮಾಡಿ, ಸುಟ್ಟು, ಬೂದಿಯನ್ನು ಗಾಳಿಗೆ ತೂರುತ್ತಾನೆ. ನಾದ ಎಲ್ಲಿಯೂ ಸಿಗುವುದಿಲ್ಲ. ಮರ, ಚರ್ಮ, ತಂತಿ, ನುಡಿಸುವವನ ಶ್ರಮ, ಎಲ್ಲ ಕೂಡಿದಾಗ ಮಾತ್ರ ನಾದ. ಹಾಗೆಯೇ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನಗಳನ್ನು ಹುಡುಕಿದರೆ ‘ನಾನು, ನನ್ನದು’ ಎಂಬುದು ಸಿಗುವುದಿಲ್ಲ. ಇದೇ ಅನತ್ತ.

ಇಲ್ಲಿ ನಮ್ಮವರಲ್ಲಿ ಒಂದು ಸಂಶಯ ಏಳುವುದು ಸಹಜ. ‘ನಿನ್ನ ದೇಹ ನಿನ್ನದಲ್ಲ’ ಎಂದು ಗೌಡರೂ ಪೂಜಾರಿಗಳೂ ತಲೆತಲಾಂತರದಿಂದ ಹೇಳಿದ್ದಾರೆ. ಧಮ್ಮವೂ ಅದನ್ನೇ ಹೇಳುತ್ತದೆಯೇ? ಇಲ್ಲ. ಅವರು ಹೇಳಿದ್ದು ‘ನಿನ್ನದಲ್ಲ, ನಮ್ಮದು’ ಎಂದು. ಧಮ್ಮ ಹೇಳುವುದು ‘ಯಾರದೂ ಅಲ್ಲ’ ಎಂದು. ಅನತ್ತ ಮೊದಲು ಕತ್ತರಿಸುವುದು ಒಡೆಯನ ಹಕ್ಕನ್ನೇ. ‘ನನ್ನದು’ ಎನ್ನಲು ಆಧಾರವಿಲ್ಲದ ದೇಹವನ್ನು ಇನ್ನೊಬ್ಬ ‘ನನ್ನದು’ ಎನ್ನುವುದು ಹೇಗೆ? ದೇಹವನ್ನು ಹೀಗಳೆಯುವುದೂ ಧಮ್ಮವಲ್ಲ. ಉಪವಾಸದಿಂದ ಸೊರಗಿದ ಸಿದ್ಧಾರ್ಥರು ಸುಜಾತೆಯ ಅನ್ನ ಉಂಡ ಮೇಲೆಯೇ ಬೋಧಿವೃಕ್ಷದ ಕೆಳಗೆ ಕೂತದ್ದು.

*ಇಂದಿನ ಅಭ್ಯಾಸ*
1. ಬೆಳಿಗ್ಗೆ ಹತ್ತು ನಿಮಿಷ ಉಸಿರಿನೊಂದಿಗೆ ಕೂತು, ತಲೆಯಿಂದ ಪಾದದವರೆಗೆ ಮೈಯನ್ನು ಗಮನಿಸಿ. ಯಾವ ಅಂಗಕ್ಕೂ ಹೆಸರಿಡಬೇಡಿ, ಕೀಳು ಮೇಲು ಎನ್ನಬೇಡಿ.
2. ಇಂದು ಎದುರಾದ ಮೊದಲ ಮೂವರನ್ನು ನೋಡುವಾಗ ನಿಮ್ಮ ಕಣ್ಣು ಯಾವ ಗುರುತನ್ನು ಹಾಕಿತು, ಗಮನಿಸಿ.
3. ಜೊತೆಗೆ ದುಡಿಯುವ ಒಬ್ಬರ ಪೂರ್ತಿ ಹೆಸರು ಗೊತ್ತಿಲ್ಲದಿದ್ದರೆ ಇಂದೇ ಕೇಳಿ ತಿಳಿದುಕೊಳ್ಳಿ.

ಓದಿ, ಮನೆಯವರಿಗೂ ಓದಿ ಹೇಳಿ. ನಿಮ್ಮ ಅನಿಸಿಕೆಯನ್ನು ಗುಂಪಿನಲ್ಲಿ ಬರೆಯಿರಿ.

ಜೈ ಭೀಮ್. ನಮೋ ಬುದ್ಧಾಯ.