ಅಪ್ಪನನ್ನು ಪೂರ್ತಿ ಮಲಗಿಸಿದ್ದು ತಪ್ಪಾಯಿತೆ?

ಪ್ರಶ್ನೆ: ಕಡಲೆಕಾಯಿ ಪರಿಷೆಯ ಮಾರನೇ ದಿನ ಬೆಳಿಗ್ಗೆ ನಮ್ಮ ತಂದೆಗೆ ಪಾರ್ಶ್ವವಾಯು ಆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ತೊಡೆಸಂದಿನ ರಕ್ತನಾಳದಿಂದ ಕೊಳವೆ ಹಾಕಿ ಮಿದುಳಿನ ಹೆಪ್ಪು ತೆಗೆಯುತ್ತೇವೆ, ಪೂರ್ತಿ ಅರಿವಳಿಕೆ ಕೊಡಬೇಕು ಎಂದರು. ನಾನು ಸಹಿ ಹಾಕಿದೆ. ಈಗ ಅಪ್ಪ ನಡೆದಾಡುತ್ತಾರೆ, ಮಾತು ಮಾತ್ರ ತಡವರಿಸುತ್ತದೆ. ಎದುರು ಮನೆಯವರಿಗೆ ಇದೇ ಚಿಕಿತ್ಸೆ ಎಚ್ಚರವಿದ್ದಾಗಲೇ ಆಯಿತು, ಅವರು ಮೊದಲಿನಂತೆಯೇ ಇದ್ದಾರೆ. ಅಮೆರಿಕದಲ್ಲಿರುವ ತಮ್ಮ, ‘ಅರಿವಳಿಕೆ ಕೊಟ್ಟರೆ ಗುಣವಾಗೋದು ಕಡಿಮೆ ಅಂತ ಓದಿದ್ದೀನಿ ಅಕ್ಕಾ, ನೀನು ಕೇಳಬೇಕಿತ್ತು’ ಎನ್ನುತ್ತಾನೆ. ನಾನು ತಪ್ಪು ಮಾಡಿದೆನೆ?
– ಓದುಗರು, ಬಸವನಗುಡಿ

ಉತ್ತರ: ಇಲ್ಲಮ್ಮ, ತಪ್ಪು ಮಾಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ವೈದ್ಯಕೀಯ ಪ್ರಶ್ನೆಗಿಂತ ದೊಡ್ಡದಾಗಿ ಕಂಡದ್ದು ಆ ಸಹಿಯ ಭಾರ. ಅರಿವಳಿಕೆಯ ಕೆಲಸವನ್ನೇ ಮಾಡಿಕೊಂಡು ಬಂದವನಾದ್ದರಿಂದ ಆ ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ತಮ್ಮ ಓದಿದ್ದು ಸುಳ್ಳಲ್ಲ, ಹಳೆಯದು. 2015ರಲ್ಲಿ ನೆದರ್ಲೆಂಡ್ಸಿನ ಮಿಸ್ಟರ್ ಕ್ಲೀನ್ ಮತ್ತು ಅದರ ಬೆನ್ನಿಗೇ ಬಂದ ಇತರ ಅಧ್ಯಯನಗಳು, ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಕೊಳವೆ ಹಾಕಿ ಹೆಪ್ಪು ಎಳೆದು ತೆಗೆಯುವುದು ಫಲ ಕೊಡುತ್ತದೆ ಎಂದು ತೋರಿಸಿಕೊಟ್ಟವು. ಆಗ ಲೆಕ್ಕ ಹಾಕಿ ನೋಡಿದವರಿಗೆ, ಪೂರ್ತಿ ಅರಿವಳಿಕೆ ಪಡೆದವರು ಎಚ್ಚರವಿದ್ದವರಷ್ಟು ಚೇತರಿಸಿಕೊಂಡಿಲ್ಲ ಎಂದು ಕಂಡಿತು. ಆದರೆ ಪೂರ್ತಿ ಮಲಗಿಸಿದ್ದು ಯಾರನ್ನು? ಪ್ರಜ್ಞೆ ಮಸುಕಾದವರು, ವಾಂತಿ ಮಾಡಿಕೊಳ್ಳುತ್ತಿದ್ದವರು, ಉಸಿರಾಟ ಏರುಪೇರಾದವರು, ಒದ್ದಾಡುತ್ತಿದ್ದವರು. ಅಂದರೆ ಮೊದಲೇ ಹೆಚ್ಚು ಪೆಟ್ಟು ತಿಂದವರನ್ನು. ಕೊಡೆ ಹಿಡಿದವರೇ ಹೆಚ್ಚು ನೆನೆದಿದ್ದಾರೆ, ಆದ್ದರಿಂದ ಕೊಡೆಯೇ ನೆನೆಸುತ್ತದೆ ಎಂದಂತಾಯಿತು.

ಈ ಗೊಂದಲ ಬಿಡಿಸಲು ಇದ್ದ ದಾರಿ, ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡುವುದು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 150 ಜನ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 90, ಡೆನ್ಮಾರ್ಕಿನ ಆರ್ಹುಸ್‌ನಲ್ಲಿ 128. 2016ರಿಂದ 2018ರ ನಡುವೆ ಈ ಮೂರೂ ಪ್ರಕಟವಾದವು. ಪೂರ್ತಿ ಮಲಗಿಸಿದವರು ಹಿಂದೆ ಬೀಳಲಿಲ್ಲ. 2019ರಲ್ಲಿ ಮೂರನ್ನೂ ಕೂಡಿಸಿ 368 ಜನರ ಲೆಕ್ಕ ನೋಡಿದಾಗ, ಮೂರು ತಿಂಗಳ ನಂತರ ಅವರೇ ಸ್ವಲ್ಪ ಮುಂದಿದ್ದರು. ಆಮೇಲೆ ಫ್ರಾನ್ಸಿನಲ್ಲಿ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಎರಡು ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಈ ಕೊನೆಯವುಗಳ ಮೇಲೇ ಹೆಚ್ಚು ನಂಬಿಕೆ. ಮೊದಲ ಮೂರೂ ಒಂದೊಂದೇ ಆಸ್ಪತ್ರೆಯಲ್ಲಿ, ನುರಿತ ತಂಡಗಳ ಕೈಯಲ್ಲಿ ನಡೆದವು. ಆ ಫಲಿತಾಂಶವನ್ನು ಹಾಗೇ ಎತ್ತಿಕೊಂಡು ಬಂದು, ರಾತ್ರಿ ಎರಡು ಗಂಟೆಗೆ ಅರಿವಳಿಕೆ ತಜ್ಞರನ್ನು ಮನೆಯಿಂದ ಕರೆಸಬೇಕಾದ ಕಡೆಗೆ ಅನ್ವಯಿಸಲು ಬರುವುದಿಲ್ಲ.

ಹಾಗಾದರೆ ನಿಮ್ಮ ತಂದೆಗೆ ಒಂದು, ಎದುರು ಮನೆಯವರಿಗೆ ಇನ್ನೊಂದು ಏಕೆ? ಒಂದು ಕಾರಣ ನಿಮ್ಮ ಪತ್ರದಲ್ಲೇ ಇದೆ: ಬಲಗೈ ಬಿತ್ತು, ಮಾತು ನಿಂತಿತು. ಬಹುಪಾಲು ಜನರಲ್ಲಿ ಮಾತಿನ ನೆಲೆ ಮಿದುಳಿನ ಎಡಭಾಗದಲ್ಲಿದೆ. ಅಲ್ಲಿ ರಕ್ತ ನಿಂತಾಗ ಆಡುವ ಮಾತಷ್ಟೇ ಅಲ್ಲ, ಕೇಳಿದ ಮಾತಿನ ಅರ್ಥವೂ ಎಷ್ಟೋ ಸಲ ಕೈತಪ್ಪುತ್ತದೆ. ವೈದ್ಯರು ಆ ಹೊತ್ತಿನಲ್ಲಿ ಮಿದುಳಿನೊಳಗಿನ ಎರಡು ಮೂರು ಮಿಲಿಮೀಟರ್ ಅಗಲದ ನಾಳದಲ್ಲಿ ತಂತಿ ನಡೆಸುತ್ತಿರುತ್ತಾರೆ. ‘ಯಜಮಾನ್ರೇ, ಅಲ್ಲಾಡಬೇಡಿ’ ಎಂದರೆ ಅದು ತಿಳಿಯದ ಮನುಷ್ಯ ಗಾಬರಿಯಿಂದ ತಲೆ ಎತ್ತಿದರೆ ತಂತಿ ನಾಳವನ್ನು ತೂತು ಮಾಡಬಹುದು. ಮನೆಯಲ್ಲಿ ತೆಲುಗೋ ತಮಿಳೋ ಆಡುವ ಚಾಮರಾಜಪೇಟೆಯ ಅಜ್ಜಿಗೆ, ಆರೋಗ್ಯವಾಗಿದ್ದಾಗ ಬರುತ್ತಿದ್ದ ಕನ್ನಡ ಆ ಗಳಿಗೆಯಲ್ಲಿ ಬಾರದೆ ಹೋಗುವುದೂ ಉಂಟು. ರೋಗಿ ಯಾವ ಭಾಷೆಗೆ ಓಗೊಡುತ್ತಾರೆ, ಕಿವಿ ಚೆನ್ನಾಗಿ ಕೇಳುತ್ತದೆಯೇ ಎಂದು ನಾವು ಬಾಗಿಲಲ್ಲೇ ಕೇಳುವುದು ಇದಕ್ಕೇ. ಎದುರು ಮನೆಯವರಿಗೆ ಪೆಟ್ಟು ಬಿದ್ದದ್ದು ಬಲಭಾಗಕ್ಕಿದ್ದು, ಹೇಳಿದ ಮಾತು ಕೇಳಿ ಸುಮ್ಮನೆ ಮಲಗಿದ್ದರೆ, ತೊಡೆಸಂದಿಗೊಂದು ಮರಗಟ್ಟಿಸುವ ಇಂಜೆಕ್ಷನ್, ಬೇಕಾದರೆ ಸ್ವಲ್ಪ ಮಂಪರಿನ ಔಷಧ, ಅಷ್ಟು ಸಾಕಾಗಿರುತ್ತದೆ.

ಎಚ್ಚರವಿಟ್ಟು ಶುರುಮಾಡಿದ್ದೆಲ್ಲ ಹಾಗೇ ಮುಗಿಯುವುದೂ ಇಲ್ಲ. ಹೈಡೆಲ್‌ಬರ್ಗ್‌ನಲ್ಲಿ ಮಂಪರಿನಲ್ಲಿ ಶುರುವಾದ 77 ಜನರಲ್ಲಿ 11 ಮಂದಿಯನ್ನು ನಡುವೆ ಪೂರ್ತಿ ಮಲಗಿಸಬೇಕಾಯಿತು. ಕೊಳವೆ ಮಿದುಳಿನಲ್ಲಿರುವಾಗ, ಎಕ್ಸ್-ರೇ ಯಂತ್ರದ ಕಮಾನಿನ ಕೆಳಗೆ ಬಗ್ಗಿ, ತರಾತುರಿಯಲ್ಲಿ ಗಂಟಲಿಗೆ ಉಸಿರಿನ ನಳಿಕೆ ಇಳಿಸುವುದು ನಮ್ಮ ಕೆಲಸದಲ್ಲೇ ಕಷ್ಟದ ಗಳಿಗೆ. ಆದ್ದರಿಂದ ಮಂಪರು ಸಾಕು ಎಂದಾಗಲೂ ಅರಿವಳಿಕೆ ತಜ್ಞರು ಮಂಚದ ಪಕ್ಕದಲ್ಲೇ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪೂರ್ತಿ ಮಲಗಿಸುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಅದೇ ಹೈಡೆಲ್‌ಬರ್ಗ್‌ನಲ್ಲಿ ಚಿಕಿತ್ಸೆ ಶುರುವಾಗುವುದು ಸುಮಾರು 10 ನಿಮಿಷ ತಡವಾಯಿತು, ನ್ಯುಮೋನಿಯ ಹೆಚ್ಚು ಜನರನ್ನು ಕಾಡಿತು. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹತ್ತು ನಿಮಿಷ ಎಂದರೇನೆಂದು ನೀವೇ ಲೆಕ್ಕ ಹಾಕಿ.

ಆದರೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಸುವುದು ರಕ್ತದೊತ್ತಡ. ಹಳೆಯ ಬಡಾವಣೆಗಳಲ್ಲಿ ಕಾವೇರಿ ನೀರು ಬಿಡುವ ಹೊತ್ತಿನಲ್ಲಿ ಪ್ರೆಷರ್ ಇಳಿದರೆ ಮೊದಲು ಒಣಗುವುದು ಮಹಡಿ ಮೇಲಿನ ನಲ್ಲಿ ತಾನೆ? ಮಿದುಳಿನಲ್ಲೂ ಹಾಗೆಯೇ. ಮುಖ್ಯ ನಾಳ ಕಟ್ಟಿದ ಮೇಲೆ ಅದರಾಚೆಯ ಭಾಗ ಅಕ್ಕಪಕ್ಕದ ಸಣ್ಣ ನಾಳಗಳಿಂದ ಬರುವ ರಕ್ತದಲ್ಲಿ ಹೇಗೋ ಜೀವ ಹಿಡಿದುಕೊಂಡಿರುತ್ತದೆ. ಆ ರಕ್ತವನ್ನು ಅಲ್ಲಿಗೆ ಮುಟ್ಟಿಸುವುದು ಒತ್ತಡವೇ. ಮಲಗಿಸಲು ಕೊಡುವ ಪ್ರೊಪೊಫಾಲ್‌ನಂಥ ಔಷಧ ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನು ಥಟ್ಟನೆ ಇಳಿಸುತ್ತದೆ. ಅದಕ್ಕಾಗಿ ಒತ್ತಡ ಏರಿಸುವ ಔಷಧವನ್ನು ಮೊದಲೇ ಸಿರಿಂಜಿನಲ್ಲಿ ತುಂಬಿಟ್ಟುಕೊಂಡು, ಮೇಲಿನ ಅಂಕಿ 140ಕ್ಕಿಂತ ಕೆಳಗಿಳಿಯದಂತೆ, 180 ದಾಟದಂತೆ ಹಿಡಿದಿಡಲು ನೋಡುತ್ತೇವೆ. ಉಸಿರಾಟದ ಯಂತ್ರವನ್ನೂ ಜೋರಾಗಿ ಓಡಿಸುವಂತಿಲ್ಲ, ಇಂಗಾಲದ ಡೈಆಕ್ಸೈಡ್ ಕಡಿಮೆಯಾದರೆ ಮಿದುಳಿನ ನಾಳಗಳು ಸಂಕುಚಿಸುತ್ತವೆ. ಇಷ್ಟನ್ನು ಕಾಯುವವರು ಇದ್ದರೆ ಮಲಗಿಸಿದರೂ ಸರಿ, ಎಚ್ಚರವಿಟ್ಟರೂ ಸರಿ. ಕಾಯುವವರಿಲ್ಲದಿದ್ದರೆ ಎರಡೂ ಅಪಾಯವೇ.

ಈಗ ತಮ್ಮನ ಮಾತಿಗೆ ಬರುತ್ತೇನೆ. ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳಲ್ಲಿ ಇಂದು ಇರುವುದು ವಯಸ್ಸಾದ ಇಬ್ಬರು. ಮಕ್ಕಳು ಹೊರದೇಶದಲ್ಲಿ. ಒಪ್ಪಿಗೆ ಪತ್ರ ಮುಂದೆ ಬಂದಾಗ ಅಲ್ಲಿ ರಾತ್ರಿಯಾಗಿರುತ್ತದೆ, ಫೋನ್ ಹೋಗುತ್ತದೆ, ಎತ್ತುವುದಿಲ್ಲ, ಮತ್ತೆ ಮಾಡುತ್ತಾರೆ. ‘ಮಗ ಒಂದು ಮಾತು ಕೇಳಿಬಿಡಲಿ’ ಎಂದು ಅರ್ಧ ಗಂಟೆ ಕಾದ ತಾಯಂದಿರನ್ನು ನಾನು ನೋಡಿದ್ದೇನೆ. ಅವರ ಮೇಲೆ ಕೋಪ ಬರುವುದಿಲ್ಲ, ಸಂಕಟವಾಗುತ್ತದೆ. ನೀವು ತಮ್ಮನಿಗಾಗಿ ಕಾಯಲಿಲ್ಲ. ಅಪ್ಪ ಇಂದು ನಡೆದಾಡುತ್ತಿರುವುದರಲ್ಲಿ ಆ ನಿಮಿಷಗಳಿಗೂ ಪಾಲಿದೆ ಎಂದು ಅವರಿಗೆ ಹೇಳಿ.

ಅರಿವಳಿಕೆ ಯಾವುದು ಎಂದು ಮನೆಯವರು ಆರಿಸಬೇಕಿಲ್ಲ. ಆರಿಸುವವರಿಗೆ ಬೇಕಾದ ಸಂಗತಿ ಮಾತ್ರ ಮನೆಯವರ ಹತ್ತಿರವೇ ಇರುತ್ತದೆ. ಕೊನೆಯದಾಗಿ ಎಷ್ಟು ಗಂಟೆಗೆ ಸರಿಯಾಗಿದ್ದರು? ಯಾವಾಗ, ಏನು ತಿಂದರು? ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ತಿಂದು ಬಂದ ಅರ್ಧ ಗಂಟೆಗೆ ಬಿದ್ದವರ ಹೊಟ್ಟೆ ತುಂಬಿರುತ್ತದೆ, ಮಲಗಿಸುವಾಗ ಅದು ಶ್ವಾಸಕೋಶಕ್ಕೆ ನುಗ್ಗಬಹುದು. ಕಟ್ಟಿಸಿಕೊಂಡ ಹಲ್ಲು ಇದೆಯೇ? ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ? ಹಿಂದೆ ಅರಿವಳಿಕೆ ಕೊಟ್ಟಾಗ ತೊಂದರೆಯಾಗಿತ್ತೇ? ಬಾಯಿ ಸೊಟ್ಟಗಾದವರಿಗೆ ‘ಸ್ವಲ್ಪ ಕಾಫಿ ಕುಡಿಸೋಣ, ಸರಿಹೋಗ್ತಾರೆ’ ಎನ್ನುವ ಪ್ರೀತಿಯನ್ನು ಆ ಹೊತ್ತು ದಯವಿಟ್ಟು ತಡೆದುಕೊಳ್ಳಿ. ನೀರೂ ಬೇಡ, ಮಾತ್ರೆಯೂ ಬೇಡ. 108ಕ್ಕೆ ಫೋನ್ ಮಾಡಿ, ಹೆಪ್ಪು ತೆಗೆಯುವ ಸೌಲಭ್ಯ ಹಗಲೂ ರಾತ್ರಿ ಇರುವ ಆಸ್ಪತ್ರೆಗೇ ನೇರ ಹೋಗಿ. ನಿಮ್ಮ ಕಡೆಯವರಿಗೆ ಲಾಲ್‌ಬಾಗಿನ ಆಚೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ಖಾಸಗಿಯವೂ ಇವೆ. ನಿಮ್ಮ ಮನೆಗೆ ಹತ್ತಿರವಾದದ್ದು ಯಾವುದೆಂದು ಆರೋಗ್ಯವಾಗಿರುವ ದಿನವೇ ವಿಚಾರಿಸಿಟ್ಟುಕೊಳ್ಳಿ.

ಅಪ್ಪನ ಮಾತಿನ ತಡವರಿಕೆಗೆ ಸ್ಪೀಚ್ ಥೆರಪಿ ನಡೆಯುತ್ತಿದೆಯೇ ಎಂದು ನೀವು ಬರೆದಿಲ್ಲ. ನಡೆಯದಿದ್ದರೆ ಈ ವಾರವೇ ಶುರುಮಾಡಿ. ಮಾತು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷ ಕಳೆದ ಮೇಲೂ ಸುಧಾರಿಸುತ್ತ ಹೋಗುತ್ತದೆ. ಆಸ್ಪತ್ರೆಯ ಕಡತದಲ್ಲಿ ಅರಿವಳಿಕೆಯ ದಾಖಲೆ ಹಾಳೆ ಇರುತ್ತದೆ. ಯಾವ ಔಷಧ ಕೊಟ್ಟರು, ಐದೈದು ನಿಮಿಷಕ್ಕೆ ಒತ್ತಡ ಎಷ್ಟಿತ್ತು, ನಳಿಕೆ ಇಳಿಸುವುದು ಸುಲಭವಾಯಿತೇ ಎಂಬುದೆಲ್ಲ ಅದರಲ್ಲಿದೆ. ಅದರ ಪ್ರತಿ ಕೇಳಿ ಪಡೆದು ಇಟ್ಟುಕೊಳ್ಳಿ. ನಾಳೆ ಅಪ್ಪನ ಕಣ್ಣಿನ ಪೊರೆ ತೆಗೆಸಲು ಮಿಂಟೋ ಕಣ್ಣಾಸ್ಪತ್ರೆಗೆ ಹೋದರೂ ಅಲ್ಲಿಯ ವೈದ್ಯರಿಗೆ ಅದನ್ನು ಮೊದಲು ತೋರಿಸಿ.