ಉಬ್ಬರವಿಳಿತದ ಊರು

ಯುರೋಪ್ ಖಂಡದ ನೈಋತ್ಯ ಭಾಗದಲ್ಲಿ, ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ಗಡಿಗಳು ಕೂಡುವೆಡೆಯಲ್ಲಿ, ಬಿಸ್ಕೇ ಕೊಲ್ಲಿಯ ದಂಡೆಯ ಮೇಲೆ ಬಾಸ್ಕ್ ಜನರ ನಾಡು ಹಬ್ಬಿದೆ. ಒಂದು ಕಡೆ ಹಸಿರು ಹೊದ್ದ ಗುಡ್ಡಗಳು. ಇನ್ನೊಂದು ಕಡೆ ಅಟ್ಲಾಂಟಿಕ್ ಸಾಗರದ ಎಡೆಬಿಡದ ಮೊರೆತ. ಈ ಜನರ ನುಡಿ ಬಹು ಪ್ರಾಚೀನವಾದುದು. ನೆರೆಯ ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳಿಗಾಗಲಿ ಜಗತ್ತಿನ ಬೇರಾವ ಭಾಷೆಗಾಗಲಿ ಅದಕ್ಕಿರುವ ನಂಟನ್ನು ವಿದ್ವಾಂಸರು ಇದುವರೆಗೆ ನಿಶ್ಚಯವಾಗಿ ತೋರಿಸಿಲ್ಲ. ಈ ನಾಡಿನ ಕರಾವಳಿಯಲ್ಲಿ, ಗುಡ್ಡದ ಮಡಿಲಲ್ಲಿ ಕುಳಿತಿರುವ ಒಂದು ಪುಟ್ಟ ಬೆಸ್ತರ ಪಟ್ಟಣವೇ ಲೆಕೇಯ್ತಿಯೊ.

ಲೆಕೇಯ್ತಿಯೊ ಇರುವುದು ಸ್ಪೇನಿಗೆ ಸೇರಿದ ಬಿಸ್ಕೇ ಪ್ರಾಂತದಲ್ಲಿ. 1325ರಲ್ಲಿ ಆ ಸೀಮೆಯ ಒಡತಿಯಾಗಿದ್ದ ಮರಿಯಾ ದಿಯಾಸ್ ದೆ ಹಾರೊ ಎಂಬಾಕೆ ಇದಕ್ಕೆ ಪಟ್ಟಣದ ಸನ್ನದನ್ನು ನೀಡಿದಳು. ಇಲ್ಲಿಯ ಹಳೆಯ ಬೀದಿಗಳು ಇಕ್ಕಟ್ಟಾಗಿವೆ. ಎತ್ತರವಾದ ಮನೆಗಳು ಒಂದಕ್ಕೊಂದು ಒತ್ತಿಕೊಂಡು ಬಂದರಿನತ್ತ ಮುಖಮಾಡಿ ನಿಂತಿವೆ. ಪಟ್ಟಣದ ಒಂದು ಮಗ್ಗುಲಲ್ಲಿ ಲೇಯಾ ಎಂಬ ಕಿರುನದಿ ಕಡಲನ್ನು ಸೇರುತ್ತದೆ. ನದೀಮುಖದ ಈಚೆಗೆ ಇಸುಂತ್ಸಾ, ಆಚೆಗೆ ಕರಾಸ್ಪಿಯೊ ಎಂಬ ಎರಡು ಮರಳುದಂಡೆಗಳಿವೆ. ಅವುಗಳ ಎದುರಿಗೆ, ದಡದಿಂದ ಕೂಗಳತೆಯ ದೂರದಲ್ಲಿ, ಮರಗಳಿಂದ ತುಂಬಿದ ಗರ್ರಾಯ್ಟ್ಸ್ ದ್ವೀಪವಿದೆ.

ಈ ದ್ವೀಪವನ್ನು ನೋಡಬಯಸುವ ಪ್ರವಾಸಿ ಮೊದಲು ಕೇಳಿ ತಿಳಿಯಬೇಕಾದುದು ದಾರಿಯನ್ನಲ್ಲ, ವೇಳೆಯನ್ನು. ಬಿಸ್ಕೇ ಕೊಲ್ಲಿಯಲ್ಲಿ ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮತ್ತೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ಇಂದು ಉಬ್ಬರ ಬಂದ ವೇಳೆಗಿಂತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದುಗೂಡುತ್ತದೆ. ಆ ದಿನಗಳಲ್ಲಿ ನೀರಿನ ಏರಿಳಿತ ಇಲ್ಲಿ 4 ಮೀಟರುಗಳನ್ನು ಮೀರುವುದುಂಟು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು, ಅದುವರೆಗೆ ಮುಳುಗಿದ್ದ ಕಲ್ಲಿನ ಒಡ್ಡೊಂದು ಮೆಲ್ಲಗೆ ತಲೆಯೆತ್ತುತ್ತದೆ. ಪಾಚಿಗಟ್ಟಿದ ಆ ಜಾರುಗಲ್ಲುಗಳ ಮೇಲೆ ಎಚ್ಚರಿಕೆಯಿಂದ ಹೆಜ್ಜೆಯಿಡುತ್ತ ಮಕ್ಕಳು, ಹಿರಿಯರು, ಪರಸ್ಥಳದವರು ದ್ವೀಪಕ್ಕೆ ನಡೆದುಹೋಗುತ್ತಾರೆ. ಅಲ್ಲಿನ ಮರಗಳ ನೆರಳಿನಲ್ಲಿ ಸುತ್ತಾಡಿ, ಎತ್ತರದಿಂದ ಬಂದರಿನ ಸೊಬಗನ್ನು ಸವಿಯುತ್ತಾರೆ. ಆದರೆ ಅಲ್ಲಿ ಮೈಮರೆಯುವಂತಿಲ್ಲ. ನೀರು ಮರಳಿ ಏರತೊಡಗಿತೆಂದರೆ ದಾರಿ ಮಾಯವಾಗುತ್ತದೆ. ತಡಮಾಡಿದವನು ಮುಂದಿನ ಇಳಿತದವರೆಗೆ ದ್ವೀಪದಲ್ಲಿಯೇ ಉಳಿಯಬೇಕಾಗುತ್ತದೆ. ಹೋಗುವ ಹೊತ್ತನ್ನೂ ಹಿಂದಿರುಗುವ ಹೊತ್ತನ್ನೂ ಅರಿತವನಿಗೆ ಮಾತ್ರ ಈ ವಿಹಾರ ಸುಖಕರ.

ಕಡಲಿನ ಈ ಏರಿಳಿತವನ್ನು ಇಲ್ಲಿಯ ಜನ ದುಡಿಮೆಗೂ ಬಳಸಿಕೊಂಡಿದ್ದರು. ಲೇಯಾ ನದಿಯ ಅಳಿವೆಯಲ್ಲಿ 16ನೆಯ ಶತಮಾನದ ಒಂದು ಗಿರಣಿಯಿದೆ. ಉಬ್ಬರದ ನೀರನ್ನು ಕೊಳಕ್ಕೆ ತುಂಬಿಸಿ ತೂಬು ಮುಚ್ಚುತ್ತಿದ್ದರು. ಹೊರಗಿನ ನೀರು ಇಳಿದ ಮೇಲೆ ತೂಬು ತೆರೆದರೆ, ರಭಸದಿಂದ ಹೊರಹೊಮ್ಮುವ ನೀರು ಚಕ್ರವನ್ನು ತಿರುಗಿಸಿ ಕಾಳನ್ನು ಬೀಸುತ್ತಿತ್ತು. ಗಿರಣಿಯವನು ದುಡಿಯುತ್ತಿದ್ದುದು ಸೂರ್ಯನ ಹೊತ್ತಿನಲ್ಲಲ್ಲ, ಚಂದ್ರನ ಹೊತ್ತಿನಲ್ಲಿ!

ಪಟ್ಟಣದಲ್ಲಿ ನೋಡತಕ್ಕ ಸ್ಥಳಗಳು ಇನ್ನೂ ಹಲವಿವೆ. ಬಂದರಿನ ಬಳಿಯಲ್ಲೇ ಗಾಥಿಕ್ ಶೈಲಿಯ ಸೇಂಟ್ ಮೇರಿ ಚರ್ಚು ಇದೆ. ಅದರೊಳಗಣ ಪೂಜಾವೇದಿಕೆಯ ಹಿಂದೆ ಚಿನ್ನದ ಲೇಪವುಳ್ಳ ವಿಶಾಲವಾದ ಮರದ ಕೆತ್ತನೆಯು ಕಣ್ಮನಗಳನ್ನು ಸೆಳೆಯುತ್ತದೆ. ಊರ ಹಿಂದಣ ಲುಮೆಂತ್ಸಾ ಗುಡ್ಡವನ್ನು ಹತ್ತಿದರೆ ಕೆಂಪು ಹೆಂಚಿನ ಮಾಡುಗಳು, ದ್ವೀಪ, ದಿಗಂತ ಎಲ್ಲವೂ ಒಮ್ಮೆಗೇ ಕಾಣುತ್ತವೆ. ಕಡಲಂಚಿನ ಬಂಡೆಯ ಮೇಲೆ ಸಾಂತಾ ಕತಲಿನಾ ದೀಪಸ್ತಂಭವಿದೆ. ಅದರ ಒಳಗೆ ಪ್ರವೇಶಿಸಿ, ನಾವಿಕರು ದಾರಿ ಕಂಡುಕೊಳ್ಳುವ ಬಗೆಯನ್ನು ತಿಳಿಯಬಹುದು. ನಡಿಗೆಯಲ್ಲಿ ಆಸಕ್ತಿಯುಳ್ಳವರು ಲೇಯಾ ನದಿಯ ಗುಂಟ ಹಳೆಯ ಗಿರಣಿಗಳನ್ನು ನೋಡುತ್ತ ಒಳನಾಡಿಗೆ ಸಾಗುತ್ತಾರೆ. ಸಾಹಸಪ್ರಿಯರು ಕಿರುದೋಣಿಗಳಲ್ಲಿ ಹುಟ್ಟುಹಾಕುತ್ತ ದ್ವೀಪವನ್ನು ಬಳಸಿ ಬರುತ್ತಾರೆ.

ಆದರೂ ಈ ಪಟ್ಟಣದ ಜೀವಾಳವೆಂದರೆ ಮೀನುಗಾರಿಕೆ. ಮಧ್ಯಯುಗದಲ್ಲಿ ಇಲ್ಲಿಯವರು ತಿಮಿಂಗಿಲದ ಬೇಟೆಗೆ ಹೆಸರಾಗಿದ್ದರು. ಗುಡ್ಡದ ಮೇಲಿನ ಕಾವಲುಗಾರ ತಿಮಿಂಗಿಲವನ್ನು ಕಂಡು ಸನ್ನೆ ಮಾಡಿದೊಡನೆಯೇ ದೋಣಿಗಳು ಪೈಪೋಟಿಯಿಂದ ಧಾವಿಸುತ್ತಿದ್ದವು. ಪಟ್ಟಣದ ಲಾಂಛನದಲ್ಲಿ ಇಂದಿಗೂ ದೋಣಿ ಮತ್ತು ತಿಮಿಂಗಿಲಗಳ ಚಿತ್ರವಿದೆ. ಮಿತಿಯರಿಯದ ಬೇಟೆಯಿಂದ ತಿಮಿಂಗಿಲಗಳು ಈ ಕೊಲ್ಲಿಯಲ್ಲಿ ಬರಿದಾದವು. ಬಾಸ್ಕ್ ಕರಾವಳಿಯ ಕೊನೆಯ ತಿಮಿಂಗಿಲವನ್ನು 1901ರಲ್ಲಿ ಒರಿಯೊ ಎಂಬ ಊರಿನ ಬಳಿ ಕೊಂದರು. ಮುಂದೆ ವಸಂತದಲ್ಲಿ ಆಂಚೊವಿ ಎಂಬ ಸಣ್ಣ ಮೀನು, ಬೇಸಗೆಯಲ್ಲಿ ಟ್ಯೂನಾ ಜಾತಿಯ ದೊಡ್ಡ ಮೀನು ಬೆಸ್ತರ ಬಾಳಿಗೆ ಆಧಾರವಾದವು.

ಈ ಬೆಸ್ತರು ಬಹು ಹಿಂದಿನಿಂದಲೂ ಸೇಂಟ್ ಪೀಟರನ ಹೆಸರಿನಲ್ಲಿ ಒಂದು ಸಂಘವನ್ನು ಕಟ್ಟಿಕೊಂಡಿದ್ದರು. ಹವೆ ಸಂದೇಹಾಸ್ಪದವಾಗಿದ್ದ ದಿನ ಕಡಲಿಗೆ ಹೋಗಬೇಕೆ, ಬೇಡವೆ ಎಂಬುದನ್ನು ಅವರು ನಿರ್ಧರಿಸುತ್ತಿದ್ದ ರೀತಿ ಗಮನಾರ್ಹವಾದುದು. ಹವೆಯ ಲಕ್ಷಣಗಳನ್ನು ಬಲ್ಲ ಅನುಭವಿಗಳು ನಸುಕಿನಲ್ಲಿಯೇ ಎದ್ದು ಆಕಾಶವನ್ನೂ ಗಾಳಿಯನ್ನೂ ಪರೀಕ್ಷಿಸುತ್ತಿದ್ದರು. ಭಿನ್ನಾಭಿಪ್ರಾಯ ಬಂದರೆ ದೋಣಿಗಳ ಯಜಮಾನರು 'ಅತಬಾಕ' ಎಂಬ ಮರದ ಮತಪೆಟ್ಟಿಗೆಯ ಮೂಲಕ ತಮ್ಮ ಮತವನ್ನು ಗುಟ್ಟಾಗಿ ನೀಡುತ್ತಿದ್ದರು. ಬಹುಮತದ ತೀರ್ಮಾನಕ್ಕೆ ಎಲ್ಲರೂ ಬದ್ಧರು. ಈ ಕಟ್ಟುಪಾಡಿನ ಹಿಂದೆ ಆಳವಾದ ವಿವೇಕವಿದೆ. ಒಬ್ಬನು ಆಸೆಗೆ ಬಿದ್ದು ಹೊರಟರೆ, ತಮಗೆಲ್ಲಿ ನಷ್ಟವಾಗುವುದೋ ಎಂದು ಉಳಿದವರೂ ಅಪಾಯಕ್ಕೆ ಕೈಹಾಕುತ್ತಾರೆ. ಮತ ಗುಟ್ಟಾಗಿದ್ದುದರಿಂದ 'ಬೇಡ' ಎಂದವನನ್ನು ಹೇಡಿಯೆಂದು ಹಳಿಯುವ ಹಾಗಿರಲಿಲ್ಲ.

ಇಷ್ಟು ಎಚ್ಚರವಿದ್ದರೂ ಕಡಲು ಯಾರ ಕೈವಶವೂ ಅಲ್ಲ. ಈ ಕರಾವಳಿಯಲ್ಲಿ 'ಗಲೆರ್ನ' ಎಂಬ ಬಿರುಗಾಳಿಯ ಭಯವುಂಟು. ಬೇಸಗೆಯ ಸೆಕೆಯ ದಿನ, ತಿಳಿಯಾಗಿದ್ದ ಕಡಲಿನ ಮೇಲೆ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ ಪಶ್ಚಿಮದಿಂದ ಅಪ್ಪಳಿಸುತ್ತದೆ. ನೋಡುನೋಡುತ್ತಿದ್ದಂತೆ ಹವೆ ತಣ್ಣಗಾಗುತ್ತದೆ, ಅಲೆಗಳು ಹುಚ್ಚೆದ್ದು ಕುಣಿಯುತ್ತವೆ. 1912ರ ಆಗಸ್ಟ್ 12ರ ರಾತ್ರಿ ಬೆಸ್ತರು ದಡದಿಂದ ಬಹುದೂರದಲ್ಲಿದ್ದಾಗ ಇಂತಹ ಚಂಡಮಾರುತವೊಂದು ಎರಗಿತು. ಬೆಳಗಾಗುವಷ್ಟರಲ್ಲಿ 143 ಮಂದಿ ಕಡಲಿನ ಪಾಲಾಗಿದ್ದರು. ಅವರಲ್ಲಿ 116 ಮಂದಿ ನೆರೆಯ ಬೆರ್ಮೆಯೊ ಪಟ್ಟಣದವರು. 16 ಮಂದಿ ಲೆಕೇಯ್ತಿಯೊದವರು. 8 ಮಂದಿ ಎಲಾಂಚೊಬೆಯವರು. 3 ಮಂದಿ ಒಂದಾರೊವಾದವರು. ಸಣ್ಣ ಪಟ್ಟಣಗಳಿಗೆ ಇದು ಎಂತಹ ಆಘಾತವೆಂಬುದನ್ನು ಊಹಿಸಿಕೊಳ್ಳಬಹುದು.

ದುಃಖವನ್ನು ನುಂಗಿ ಬಾಳುವ ಜನ ಹಬ್ಬವನ್ನೂ ಮರೆಯುವುದಿಲ್ಲ. ಪ್ರತಿವರ್ಷ ಜೂನ್ 29ರಂದು, ಸೇಂಟ್ ಪೀಟರನ ದಿನ, ಇಲ್ಲಿ 'ಕಷರಾಂಕ' ಎಂಬ ಕುಣಿತ ನಡೆಯುತ್ತದೆ. ಎಂಟು ಮಂದಿ ದೊಡ್ಡದೊಂದು ಪೆಟ್ಟಿಗೆಯನ್ನು ಹೆಗಲ ಮೇಲೆ ಹೊರುತ್ತಾರೆ. ಆ ಪೆಟ್ಟಿಗೆಯ ಮೇಲೆ ಯುವತಿಯೊಬ್ಬಳು ಒಂದು ಕೈಯಲ್ಲಿ ಎತ್ತರದ ಟೋಪಿ, ಇನ್ನೊಂದು ಕೈಯಲ್ಲಿ ಬಾವುಟ ಹಿಡಿದು ನರ್ತಿಸುತ್ತಾಳೆ. ಹಿಂದೆ ಸಂಘದ ದಾಖಲೆಗಳನ್ನಿಡುವ ಪೆಟ್ಟಿಗೆಯನ್ನು ಹಳೆಯ ಮುಖ್ಯಸ್ಥನ ಮನೆಯಿಂದ ಹೊಸ ಮುಖ್ಯಸ್ಥನ ಮನೆಗೆ ಸಾಗಿಸುತ್ತಿದ್ದುದರ ನೆನಪು ಅದು. ಹೊರುವವರ ಹೆಜ್ಜೆ ತಪ್ಪಿದರೆ ನರ್ತಕಿ ಬೀಳುತ್ತಾಳೆ. ಎಂಟು ಹೆಗಲುಗಳು ಒಂದಾಗಿ ನಿಂತರೆ ಮಾತ್ರ ಕುಣಿತ ಸಾಧ್ಯ. ಹದಿಮೂರು ಮಂದಿ ಹುಟ್ಟುಹಾಕಿ ಒಬ್ಬನು ಚುಕ್ಕಾಣಿ ಹಿಡಿಯುವ ಬಾಸ್ಕರ ದೋಣಿಸ್ಪರ್ಧೆಯ ಮರ್ಮವೂ ಇದೇ ಆಗಿದೆ.

ಇಂದು ಬೆಸ್ತರ ದೋಣಿಗಳಿಗೆ ಯಂತ್ರಗಳಿವೆ. ಹವೆಯ ಮುನ್ಸೂಚನೆ ರೇಡಿಯೋದಲ್ಲಿ ತಿಳಿಯುತ್ತದೆ. ದೋಣಿಗಳ ಸಂಖ್ಯೆ ಹಿಂದಿನಷ್ಟಿಲ್ಲ. ಪ್ರವಾಸಿಗಳ ಸಂಖ್ಯೆ ಹೆಚ್ಚಿದೆ. ಆದರೂ ಗರ್ರಾಯ್ಟ್ಸ್ ದ್ವೀಪದ ದಾರಿ ಮಾತ್ರ ಯಾರ ಅಪ್ಪಣೆಗೂ ಕಾಯದೆ ತೆರೆಯುತ್ತದೆ, ಮುಚ್ಚುತ್ತದೆ. ಮುನ್ನುಗ್ಗುವುದಷ್ಟೇ ಧೈರ್ಯವಲ್ಲ, ನಿಲ್ಲಬೇಕಾದಲ್ಲಿ ನಿಲ್ಲುವುದೂ ಧೈರ್ಯವೇ. ಲೆಕೇಯ್ತಿಯೊದ ಕಡಲು ದಿನಕ್ಕೆರಡು ಬಾರಿ ಹೇಳಿಕೊಡುವ ಪಾಠವಿದು.

ಪದಗಳ ಅರ್ಥ

ಅಳಿವೆ – ನದಿ ಕಡಲನ್ನು ಸೇರುವ ಸ್ಥಳ
ಉಬ್ಬರ – ಕಡಲಿನ ನೀರು ಏರುವುದು
ತೂಬು – ನೀರನ್ನು ತಡೆದು ಬಿಡುವ ಬಾಗಿಲು
ಲಾಂಛನ – ಗುರುತು, ಚಿಹ್ನೆ
ಸನ್ನದು – ಅಧಿಕಾರವಿತ್ತ ರಾಜಪತ್ರ
ಹಳಿ – ನಿಂದಿಸು

ಅಭ್ಯಾಸ

1. ಗರ್ರಾಯ್ಟ್ಸ್ ದ್ವೀಪಕ್ಕೆ ಹೋಗುವವರು ಮೊದಲು ಏನನ್ನು ತಿಳಿಯಬೇಕು? ಏಕೆ?
2. ಉಬ್ಬರದ ನೀರಿನಿಂದ ಗಿರಣಿ ನಡೆಯುತ್ತಿದ್ದ ಬಗೆಯನ್ನು ವಿವರಿಸಿರಿ.
3. ಬೆಸ್ತರು ಮತವನ್ನು ಗುಟ್ಟಾಗಿ ನೀಡುತ್ತಿದ್ದುದರಿಂದ ಆಗುತ್ತಿದ್ದ ಪ್ರಯೋಜನವೇನು?
4. 'ನಿಲ್ಲಬೇಕಾದಲ್ಲಿ ನಿಲ್ಲುವುದೂ ಧೈರ್ಯವೇ' – ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.